ಕಟಕೋಳದ ಫ್ರೀಜರ್ ಮುಚ್ಚಳ

ಫ್ರೀಜರ್ ಇತ್ತು. ಅದರ ಮುಚ್ಚಳ ಇರಲಿಲ್ಲ.

ಒರೆಸುವ ಬಟ್ಟೆ ಹಿಡಿದು ಬೆಳಿಗ್ಗೆ ಹಿತ್ತಲ ಕೋಣೆಗೆ ಬಂದ ಗಂಗಾ ಬಾಗಿಲಲ್ಲೇ ನಿಂತುಬಿಟ್ಟಳು. ಆಳುದ್ದದ ಬಿಳಿ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಒಳಗಿನ ನಾಲ್ಕು ಕ್ಯಾನುಗಳು ಇಟ್ಟಲ್ಲೇ ಇದ್ದವು. ಗೋಡೆಯ ಪ್ಲಗ್ ಕಿತ್ತು, ವಾಯರನ್ನು ಸುರುಳಿ ಸುತ್ತಿ, ಮೊಳೆಗೆ ನೇತುಹಾಕಲಾಗಿತ್ತು. ಮುಚ್ಚಳ ಮಾತ್ರ ಮಾಯ.

ಮೋಟರ್ ಕಳುವಾದದ್ದನ್ನು ಕೇಳಿದ್ದೇವೆ, ಟ್ರ್ಯಾಕ್ಟರಿನ ಬ್ಯಾಟರಿ ಹೋದದ್ದನ್ನೂ ಕೇಳಿದ್ದೇವೆ. ಅಖಂಡ ಫ್ರೀಜರನ್ನು ಬಿಟ್ಟು ಅದರ ಮುಚ್ಚಳವನ್ನಷ್ಟೇ ಹೊತ್ತೊಯ್ದ ಕಳ್ಳನ ಸುದ್ದಿ ಮಾತ್ರ ಯಾರ ಕಿವಿಗೂ ಬಿದ್ದಿರಲಿಕ್ಕಿಲ್ಲ. ನಗು ಬರುವಂಥ ಕಳವು. ಆದರೆ ಗಂಗಾಳಿಗೆ ನಗು ಬರಲಿಲ್ಲ, ಅಳು ಬಂತು.

ಅದು ಬರಿಯ ಫ್ರೀಜರ್ ಆಗಿರಲಿಲ್ಲ. ರಾಮದುರ್ಗದಲ್ಲಿ ಅವಳೂ ಗಂಡ ಕಲ್ಮೇಶನೂ ನಡೆಸುತ್ತಿದ್ದ ಐಸ್‌ಕ್ರೀಮ್ ಅಂಗಡಿ ಮುಚ್ಚಿದ ಮೇಲೆ ಮನೆಗೆ ಬಂದು ಕುಳಿತ ದಂಡಪಿಂಡ ಅದು. ಅದಕ್ಕೆ ಮರುಜೀವ ಕೊಟ್ಟವಳು ಹಿನಾಕೌಸರ. ಗಂಗಾಳ ಕಾಲೇಜು ಗೆಳತಿ, ರಾಮದುರ್ಗದಲ್ಲಿ ವಿಜ್ಞಾನದ ಶಿಕ್ಷಕಿ. ಕಬ್ಬಿನ ಹಾಲಿನಿಂದ ಒಳ್ಳೆಯ ಸಿರ್ಕಾ, ಅಂದರೆ ವಿನೆಗರ್ ಮಾಡೋಣ ಎಂದವಳು ಅವಳೇ. ಹಾಲಿಗೆ ಈಸ್ಟ್ ಹಾಕಿ ಮೊದಲು ಹುದುಗಿಸಬೇಕು, ಆಮೇಲೆ ಹುಳಿ ಬರಿಸಬೇಕು. ಹುದುಗುವಾಗ ತಂಪಿರಬೇಕು. ಕಟಕೋಳದ ಮಾರ್ಚ್ ತಿಂಗಳಲ್ಲಿ ತಂಪು ಎಲ್ಲಿಂದ ತರುವುದು? ಆಗ ನೆನಪಾದದ್ದು ಈ ಫ್ರೀಜರ್.

ರಿಪೇರಿಯ ಫಾರೂಕ್ ಬಂದ. ಫ್ರೀಜರಿಗೂ ಕರೆಂಟಿಗೂ ನಡುವೆ ಅಂಗೈಯಗಲದ ಒಂದು ಡಬ್ಬಿ ಕೂರಿಸಿದ. ಡಬ್ಬಿಯಿಂದ ಹೊರಟ ಸಣ್ಣ ವಾಯರಿನ ತುದಿಯನ್ನು ಕ್ಯಾನಿಗೆ ಅಂಟಿಸಿದ. ಒಳಗೆ ಇಪ್ಪತ್ತೆರಡು ಡಿಗ್ರಿ ದಾಟಿದರೆ ಫ್ರೀಜರ್ ಚಾಲೂ, ಇಳಿದರೆ ಬಂದ್. ಮುಚ್ಚಳದ ಹಳೆಯ ಕೀಲು ಮುರಿದಿದ್ದಕ್ಕೆ ಬಾಗಿಲಿನ ಬಿಜಾಗರಿಗಳನ್ನೇ ಜಡಿದು, ಎರಡು ಕಡ್ಡಿ ತೂರಿಸಿ ಮುಗಿಸಿದ. ಕ್ಯಾನುಗಳ ಬಾಯಿಂದ ಹೊರಟ ನಳಿಗೆಗಳು ಪೆಟ್ಟಿಗೆಯೊಳಗೇ ನೀರಿನ ಬಾಟಲಿಗಳಲ್ಲಿ ಮುಳುಗಿದ್ದವು. ಮೂರನೆಯ ದಿನದಿಂದ ಬುಳುಕ್, ಬುಳುಕ್ ಎಂಬ ಸದ್ದು. ಗಂಗಾಳಿಗೆ ಅದು ಮನೆಯಲ್ಲಿ ಮಗುವೊಂದು ಮಾತು ಕಲಿತ ಹಾಗೆ ಕೇಳುತ್ತಿತ್ತು.

ಈಗ ಮುಚ್ಚಳವಿಲ್ಲ. ಮಧ್ಯಾಹ್ನದ ಬಿಸಿಲೇರಿದರೆ ಹಾಲು ಕೆಟ್ಟು ನಾರುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಈ ಕೆಲಸ ಮಾಡಿದವರು ಯಾರು?

ಸಿಟ್ಟಿನಲ್ಲಿ ಬುದ್ಧಿ ಓಡುವುದು ಹತ್ತಿರದವರ ಕಡೆಗೇ. ಹಿಂದಿನ ದಿನವಷ್ಟೇ ಹಿನಾ ಮುಖ ಸಣ್ಣ ಮಾಡಿಕೊಂಡು, "ಓಣ್ಯಾಗ ಮಂದಿ ನಾವು ಶೆರೆ ಕಾಸಾಕ ಹತ್ತೇವಿ ಅಂತಾರವಾ. ರಮಜಾನ್ ತಿಂಗಳ ಬ್ಯಾರೆ. ಸ್ವಲ್ಪ ದಿನ ನಿಲ್ಲಸೋಣು" ಎಂದಿದ್ದಳು. ಸಾರಾಯಿಯ ಮಾತಿಗೆ ಹೆದರಿ ನಿಲ್ಲಿಸಲು ಗಂಗಾ ಒಪ್ಪಿರಲಿಲ್ಲ. ಈಗ ಫೋನ್ ಎತ್ತಿದವಳೇ ಅಂದುಬಿಟ್ಟಳು—

"ನಿನಗ ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳಬೇಕಿತ್ತು ಹಿನಾ. ಮುಚ್ಚಳಾ ಯಾಕ ಒಯ್ದಿ?"

ಆ ಕಡೆಯಿಂದ "ಮುಂದಿನ ಬಸ್ಸಿಗೆ ಬರತೇನಿ" ಎಂದಷ್ಟೇ ಹೇಳಿ ಹಿನಾ ಫೋನ್ ಇಟ್ಟಳು.

ಗಂಗಾ ಒರೆಸುವ ಬಟ್ಟೆಯನ್ನು ಮೂಲೆಗೆ ಎಸೆದಳು. ಹೌದೆಂದರೆ ಗೆಳತಿ ಕೆಟ್ಟವಳು. ಅಲ್ಲವೆಂದರೆ ತಾನೇ ಕೆಟ್ಟವಳು. ಎರಡರಲ್ಲಿ ಯಾವುದಾದರೂ ಗೆಳೆತನ ಉಳಿಯುವುದು ಹೇಗೆ? ಕಲ್ಮೇಶ ಹಿಂದಿನ ದಿನವೇ ಹತ್ತಿಯ ಲಾರಿಯ ಜತೆ ಸವದತ್ತಿಗೆ ಹೋಗಿದ್ದ, ಬರುವುದು ಸಂಜೆಗೆ. ಅವಳು ಇನ್ನೊಂದು ನಂಬರು ಒತ್ತಿದಳು.

ಸಂಘಮಿತ್ರಾ ಬೈಲಹೊಂಗಲದವಳು, ವಿಮೆ ಕಂಪನಿಯ ಸರ್ವೇಯರ್. ಸುಟ್ಟ ಅಂಗಡಿಯ ಎದುರು ಮೂಗು ಮುಚ್ಚಿಕೊಂಡು ನಿಂತು, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಹೇಳುವುದು ಅವಳ ಕಸುಬು. ಅಂದು ಮುರಗೋಡದಲ್ಲಿ ಸುಟ್ಟ ಪಂಪ್‌ಸೆಟ್ ನೋಡಲು ಬಂದಿದ್ದಳು. ಕಲ್ಮೇಶನ ಅಂಗಡಿಯಲ್ಲಿ ಹಿಂದೊಮ್ಮೆ ಶಾರ್ಟ್ ಸರ್ಕೀಟ್ ಆದಾಗಿನಿಂದ ಈ ಮನೆಯ ಗುರುತು. ಸುದ್ದಿ ಕೇಳಿ ಮೊದಲು ನಕ್ಕಳು, ಆಮೇಲೆ ಸ್ಕೂಟರ್ ತಿರುಗಿಸಿದಳು.

ಅವಳು ಬಂದಾಗ ಗಂಗಾಳ ಅತ್ತೆ ಗುರುಬಸವ್ವ ಅಂಗಳದ ಕಟ್ಟೆಯ ಮೇಲೆ ಕೌದಿ ಹಾಸಿಕೊಂಡು ಬಳ್ಳೊಳ್ಳಿ ಸುಲಿಯುತ್ತಿದ್ದಳು.

"ಬರ್ರಿ, ಕುಂದರ್ರಿ. ಗಂಗಾ, ನೀರ ಕೊಡವಾ, ಬೆಲ್ಲಾ ತಾ" ಎಂದಳು ಕುಳಿತಲ್ಲಿಂದಲೇ.

ಸಂಘಮಿತ್ರಾ ನೀರು ಕುಡಿದು ನೇರ ಹಿತ್ತಲ ಕೋಣೆಗೆ ನಡೆದಳು. ಫ್ರೀಜರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬಗ್ಗಿ ಒಳಗೆ ಇಣುಕಿ ಥಟ್ಟನೆ ಹಿಂದೆ ಸರಿದು ಮೂಗು ಉಜ್ಜಿಕೊಂಡಳು.

"ಏನಿದು, ಸೋಡಾ ಕುಡದು ತೇಗಿದಂಗ ಚುರ್ ಅಂತೈತಿ?"

"ದಿನಾ ಹಂಗ ಐತ್ರಿ. ವಾಸನಿ ಭಾಳ ಕಟು."

"ದಿನಾ ನೀ ಏನ ಮಾಡ್ತಿ ಇಲ್ಲಿ?"

"ನೊರಿ ಉಕ್ಕಿ ತಳಕ್ಕ ಬಿದ್ದಿರತೈತಿ. ಮಣಿ ಮ್ಯಾಲೆ ನಿಂತು, ಬಗ್ಗಿ, ಒರಸ್ತೇನಿ."

"ತೆಲಿ ಒಳಗ ಹಾಕಿ?"

"ಹಾಕದಿದ್ರ ಕೈ ಮುಟ್ಟೂದಿಲ್ಲಲ್ರಿ. ನಾನೇನ ನಿಮ್ಮಂಗ ಉದ್ದ ಇದ್ದೇನೇನ್ರಿ?"

ಸಂಘಮಿತ್ರಾ ಅವಳ ಮುಖವನ್ನೇ ನೋಡಿದಳು. "ನಿನ್ನೆ ಒರಸಿದಿ?"

"ಅರ್ಧಾ ಒರಸಿದ್ನಿ. ಕಣ್ಣಿಗೆ ಕತ್ತಲಿ ಬಂದಂಗ ಆತು. ಸೋಮವಾರ ಒಪ್ಪೊತ್ತು ಇದ್ನೆಲ್ಲ, ಅದಕ್ಕ ಇರಬೇಕು. ಅತ್ತಿ ಬಂದು ಕೈ ಹಿಡದು ಹೊರಗ ಕುಂದರಿಸಿ ನೀರ ಕೊಟ್ರು."

"ಇವತ್ತ ಒರಸಾಕ ಬಂದಾಗ ಮುಚ್ಚಳಾ ಇರಲಿಲ್ಲ. ಹೌದಿಲ್ಲೋ?"

"ಹೌದ್ರಿ."

ಸರ್ವೇಯರಮ್ಮ ಟಾರ್ಚ್ ಹಚ್ಚಿದಳು. ಫ್ರೀಜರಿನ ತಳದಲ್ಲಿ, ಕ್ಯಾನುಗಳ ಸಂದಿಯಲ್ಲಿ, ಏನೋ ಬೆಳ್ಳಗೆ ಬಿದ್ದಿತ್ತು. ಒಲೆಯ ಇಕ್ಕಳ ತರಿಸಿ, ಮುಖ ದೂರವಿಟ್ಟುಕೊಂಡೇ ಎತ್ತಿದಳು. ಹತ್ತಿಯ ಬತ್ತಿ. ಅದರ ಪಕ್ಕ ಒಂದೆರಡು ಹನಿ ಎಣ್ಣೆ.

"ಪೂಜಾ ಮಾಡಿದ್ದಿ?"

"ಚಾಲೂ ಮಾಡಿದ ದಿನಾ ಮಾಡಿದ್ನಿ. ಅವತ್ತಿನದ ಬಿದ್ದಿರಬೇಕು ಬಿಡ್ರಿ."

ಸಂಘಮಿತ್ರಾ ಬತ್ತಿಯನ್ನು ತಿರುಗಿಸಿ ನೋಡಿ ಕಾಗದದಲ್ಲಿ ಸುತ್ತಿಟ್ಟುಕೊಂಡಳು. ಗೋಡೆಯ ಗೂಡಿನಲ್ಲಿ ಕೈಯಾಡಿಸಿದಳು. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಏನೋ ಗಂಟು ಕಟ್ಟಿತ್ತು. ಬಿಚ್ಚಿದರೆ ಬಿಜಾಗರಿಯ ಎರಡು ಕಡ್ಡಿ. ಅದನ್ನು ಕಂಡವಳ ತುಟಿಯಂಚಿನಲ್ಲಿ ಸಣ್ಣ ನಗು ಬಂತು. ಗಂಗಾಳಿಗೆ ಅದು ಯಾಕೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಸುದ್ದಿ ಕೇಳಿ ಫಾರೂಕ್ ಬೈಕಿನಲ್ಲಿ ಬಂದಿಳಿದ. ಮುಖದಲ್ಲಿ ಗಾಬರಿ.

"ಈ ಕಡ್ಡಿ ಹಾಕಿದಾವ ನೀನ ಏನು?"

"ಹೌದ್ರಿ ಮೇಡಮ್. ಕೈಲೆ ಜಗ್ಗಿದ್ರ ಬರತಾವ. ಸ್ವಚ್ಛ ಮಾಡಾಕ ಮುಚ್ಚಳಾ ತಗಿಯೂದು ಸಸಾರ ಆಗಲಿ ಅಂತ ಹಂಗ ಮಾಡಿದ್ನಿ."

"ಮದುವಿ ಸೀಜನ್‌ಗೆ ಈ ಫ್ರೀಜರ್ ಬಾಡಿಗಿ ಕೇಳಿದ್ದಿ ಅಂತ ಗಂಗಾ ಹೇಳಿದ್ಲು. ಹೌದೇನು?"

"ಕೇಳಿದ್ದು ಖರೆ. ಆದ್ರ ಮುಚ್ಚಳಾ ಇಲ್ಲದ ಫ್ರೀಜರ್ ಬಾಡಿಗಿ ತಗೊಂಡು ನಾ ಏನ ಮಾಡ್ಲಿ?" ಫಾರೂಕ್ ಕಟ್ಟೆಯ ಕಡೆ ತಿರುಗಿದ. "ಗುರುಬಸವ್ವಾಯಿ, ನೀವರ ಹೇಳ್ರಿ. ನಾ ಅಂಥಾವ ಏನು?"

ಗುರುಬಸವ್ವ ಬಳ್ಳೊಳ್ಳಿಯಿಂದ ತಲೆ ಎತ್ತಲಿಲ್ಲ. "ನೀ ಜೈಬುನ್ನಿಸಾನ ಮಗಾ. ನಿನ್ನ ಯಾರ ಏನಂದ್ರು?" ಎಂದಳು.

ಬಸ್‌ಸ್ಟ್ಯಾಂಡಿನ ಸೋಡಾ ಅಂಗಡಿಯ ಅಜಿತನನ್ನೂ ಕರೆಸಲಾಯಿತು. 'ಶೆರೆ' ಎಂಬ ಮಾತು ಹುಟ್ಟಿದ್ದು ಅವನ ಅಂಗಡಿಯಲ್ಲೇ ಎಂದು ಗಂಗಾಳಿಗೆ ಗೊತ್ತಿತ್ತು.

"ಚಾಷ್ಟಿ ಮಾಡಿದ್ನಿ, ಒಪ್ಪತೇನಿ" ಎಂದ ಅಜಿತ. "ಅದಕ್ಕ ಕಳ್ಳ ಅಂತೀರೇನು? ಮುಚ್ಚಳಾ ಹೊತಗೊಂಡು ಓಣ್ಯಾಗ ಹೊಂಟ್ರ ನಾಯಿ ಬೊಗಳೂದಿಲ್ಲೇನು?"

"ಬೊಗಳಿದ್ವೇನು?" ಸಂಘಮಿತ್ರಾ ಗಂಗಾಳನ್ನು ಕೇಳಿದಳು.

"ಇಲ್ಲ."

"ಅಂಗಳದ ಕದಾ?"

"ಒಳಗಿಂದ ಅಗಳಿ ಹಾಕಿತ್ತು. ನಾನ ತಗದ್ನಿ."

ಹೇಳಿ ಮುಗಿಸಿದ ಮೇಲೆ ಆ ಮಾತಿನ ಅರ್ಥ ಗಂಗಾಳಿಗೇ ಹೊಳೆಯಿತು. ಆದರೆ ಅದನ್ನು ಮುಂದಕ್ಕೆ ಎಳೆಯುವಷ್ಟರಲ್ಲಿ ಹಿನಾಕೌಸರ ಅಂಗಳಕ್ಕೆ ಬಂದಳು. ರೋಜಾದ ಉಪವಾಸಕ್ಕೆ ಬಾಯಿ ಒಣಗಿತ್ತು, ಬಿಸಿಲಿಗೆ ಮುಖ ಕೆಂಪಾಗಿತ್ತು. ಗಂಗಾಳತ್ತ ನೋಡದೆ ಸಂಘಮಿತ್ರಾಳ ಎದುರು ನಿಂತಳು.

"ಕೇಳ್ರಿ, ಏನ ಕೇಳೂದೈತಿ."

"ಈ ಕೆಲಸ ನಿಲ್ಲಿಸಬೇಕು ಅಂತ ಅಂದಿದ್ದಿ?"

"ಅಂದಿದ್ನಿ. ನಿಲ್ಲಿಸಬೇಕಾದ್ರ ಮುಚ್ಚಳಾ ಯಾಕ ಕದೀಲಿ? ಕ್ಯಾನಿನಾಗ ಒಂದ ಮುಷ್ಟಿ ಉಪ್ಪು ಹಾಕಿದ್ರ ಮುಗೀತು. ಮುಚ್ಚಳಾ ತಗದ್ರ ಈಸ್ಟ್ ಏನ್ ಸಾಯೂದಿಲ್ಲ. ಇದು ಈ ಕೆಲಸಾ ತಿಳಿದವರು ಮಾಡಿದ್ದಲ್ಲ."

"ಅದನ್ನ ನಾನೂ ಅನ್ನಾಕ ಹತ್ತಿದ್ನಿ" ಎಂದಳು ಸಂಘಮಿತ್ರಾ. "ಎಲ್ಲಾರೂ ಇಲ್ಲೇ ನಿಲ್ಲರಿ."

ಅವಳು ಅಂಗಳದ ನಡುವೆ ಬಂದು ಸೆರಗು ಸಿಕ್ಕಿಸಿಕೊಂಡಳು.

"ಹಾಲು ಕೆಡಸಬೇಕು ಅನ್ನಾವ ಕ್ಯಾನ್ ಉರುಳಸತಿದ್ದ. ರೊಕ್ಕಾ ಬೇಕಂದಾವ ಆ ಡಬ್ಬಿ ಕಿತಗೊಂಡು ಹೋಗತಿದ್ದ. ಇಲ್ಲಿ ಎರಡೂ ಆಗಿಲ್ಲ. ಪ್ಲಗ್ ತಗದು ವಾಯರ್ ಸುತ್ತಿ ಇಟ್ಟಾರ. ಕಡ್ಡಿ ಕಳೀಬಾರದು ಅಂತ ಅರಬಿಯೊಳಗ ಗಂಟ ಹಾಕ್ಯಾರ. ಯಾವ ಕಳ್ಳ ಇಷ್ಟು ಜೋಪಾನ ಮಾಡತಾನ? ಮುಚ್ಚಳಾ ತಗದವರಿಗೆ ಅದನ್ನ ಮತ್ತ ಹಚ್ಚೂ ಮನಸ್ಸಿತ್ತು. ಕದಾ ಒಳಗಿಂದ ಹಾಕಿತ್ತು. ಅಂದ್ರ ಮನಿಯವರ."

"ಮನ್ಯಾಗ ನಾನು, ಅತ್ತಿ, ಇಬ್ಬರ ಇದ್ವಿ..." ಎಂದ ಗಂಗಾ ಅಲ್ಲಿಗೇ ನಿಂತಳು.

"ನೀ ನೋಡಿದ್ರೂ ನೋಡದಂಗ ಬಿಟ್ಟದ್ದು ಈ ಬತ್ತಿ." ಸಂಘಮಿತ್ರಾ ಕಾಗದ ಬಿಚ್ಚಿದಳು. "ಪೂಜಾದ ಬತ್ತಿ ಆಗಿದ್ರ ಸುಟ್ಟು ಕರಕಲಾಗತಿತ್ತು. ಇದರ ತುದಿ ಅಷ್ಟ ಕಪ್ಪಾಗೈತಿ. ಎಣ್ಣಿ ಇನ್ನೂ ಹಸಿ. ಅಂದ್ರ ಹತ್ತಿಸಿದ್ದು ನಿನ್ನೆ, ಫ್ರೀಜರಿನೊಳಗ ಇಳಿಸಿದ್ದು ನಿನ್ನೆ. ಇಳಿಸಿದ ಗಳಿಗ್ಗೆ ಅದು ಶಾಂತ ಆತು. ಗಾಬರಿಗೆ ಕೈ ಜಗ್ಗಿದಾಗ ಪಣತಿ ಹೊಳ್ಳಿ ಬತ್ತಿ ಒಳಗ ಬಿತ್ತು. ಪೆಟಿಗಿಯೊಳಗ ದೀಪಾ ಇಳಿಸಿ ನೋಡೂ ಪದ್ಧತಿ ಯಾರದು? ಬೈಲಹೊಂಗಲದಾಗ ನಮ್ಮ ಆಯಿ ಮನ್ಯಾಗೂ ನೆಲದಾಗ ಜೋಳದ ಹಗೇವು ಇತ್ತು. ಇಳಿಯೂಕಿಂತ ಮೊದಲ ಹಗ್ಗಕ್ಕ ದೀಪಾ ಕಟ್ಟಿ ಬಿಡತಿದ್ರು. ದೀಪಾ ಉಳದ್ರ ಮನಷ್ಯಾ ಇಳೀಬೇಕು. ಇಲ್ಲಂದ್ರ ಇಲ್ಲ."

ಅವಳು ಕಟ್ಟೆಯ ಕಡೆ ತಿರುಗಿ ದನಿ ತಗ್ಗಿಸಿದಳು.

"ಆಯಿ, ನಾ ಬಂದಾಗಿಂದ ನೀವು ಒಂದ ಸಲಾನೂ ಎದ್ದಿಲ್ಲ. ಬಂದವರಿಗೆ ಸ್ವತಃ ನೀರ ಕೊಡೂ ಮನಿತನಾ ನಿಮ್ಮದು, ನನಗ ಗೊತ್ತೈತಿ. ಇವತ್ತ ಕಟ್ಟಿ ನಾಕ ಬೆರಳ ಎತ್ತರ ಆಗೈತಿ. ಏಳ್ರಿ ಸಾಕು."

ಗುರುಬಸವ್ವ ಬಳ್ಳೊಳ್ಳಿಯ ಮೊರ ಬದಿಗಿಟ್ಟಳು. ಮೊಣಕಾಲು ಹಿಡಿದು ಮೆಲ್ಲಗೆ ಎದ್ದಳು. ಫಾರೂಕ್ ಕೌದಿ ಎತ್ತಿದ. ಕೆಳಗೆ ಬಿಳಿ ಮುಚ್ಚಳ ಮಲಗಿತ್ತು.

ಅಜಿತನಿಗೆ ನಗು ತಡೆಯಲಾಗಲಿಲ್ಲ. ಬೇರೆ ಯಾರೂ ನಗಲಿಲ್ಲ.

"ಯಾಕ್ರೀ ಅತ್ತಿ?" ಎಂದಳು ಗಂಗಾ.

"ನಿನ್ನೆ ನಿನಗ ತೆಲಿ ತಿರಗಿತಲ್ಲ, ಆಗಿಂದ ನನಗ ಸಮಾಧಾನ ಇರಲಿಲ್ಲ" ಎಂದಳು ಗುರುಬಸವ್ವ. "ಆ ಪೆಟಿಗಿ ನೋಡಿದಾಗೊಮ್ಮೆ ನಮ್ಮ ತವರಮನಿ ಹಗೇವು ನೆನಪಾಗತಿತ್ತು. ಹೊತ್ತ ಮುಳಗೂ ಹೊತ್ತಿಗೆ ಪಣತಿಗೆ ದಾರಾ ಕಟ್ಟಿ ಬಿಟ್ನಿ. ಕ್ಯಾನಿನ ಕುತ್ತಿಗಿ ದಾಟೂದರಾಗ ಶಾಂತ ಆತು. ಮತ್ತೊಂದ ಬತ್ತಿ ಹಚ್ಚಿ ಬಿಟ್ನಿ. ಅದೂ ಹಂಗ. ಫ್ರೀಜಿನ ಗ್ಯಾಸ್ ಸೋರಾಕ ಹತ್ತೇತಿ ಅಂತ ತಿಳಕೊಂಡ್ನಿ."

"ಹಂಗಂತ ಹೇಳಬಾರದಿತ್ತೇನ್ರಿ?"

"ಯಾರ ಮುಂದ ಹೇಳ್ಲಿ? ನಿನ್ನ ಮುಂದ ಹೇಳಿದ್ರ ಹೌದತ್ತಿ ಅಂದು, ನಾ ಅತ್ತಾಗ ಹೋಗೂದರಾಗ ಮತ್ತ ತೆಲಿ ಹಾಕತಿದ್ದಿ. ನಿನ್ನ ಹಟಾ ನನಗ ಗೊತ್ತಿಲ್ಲೇನು? ಗ್ಯಾಸ್ ಹೊರಗ ಹೋಗಲಿ ಅಂತ ಪ್ಲಗ್ ಕಿತ್ತು ಮುಚ್ಚಳಾ ತಗದ್ನಿ; ಬರೇ ತಗದಿಟ್ರ ಮತ್ತ ಮುಚ್ಚತಿದ್ದಿ, ಅದಕ್ಕ ಅಡಗಿಸಿಟ್ನಿ." ಅವಳು ಫಾರೂಕನತ್ತ ನೋಡಿದಳು. "ಮತ್ತ ಮಂದಿ ಮುಂದ ಹೇಳಿದ್ರ ಇವನ ಹೆಸರು ಕೆಡತಿತ್ತು. ಫಾರೂಕ ಮುಟ್ಟಿದ ಫ್ರೀಜ್ ಗ್ಯಾಸ್ ಸೋರತಾವ ಅಂತ ಒಂದ ಸಲ ಹಬ್ಬಿದ್ರ ಇವನ್ನ ಯಾರ ಕರೀತಾರ? ನನ್ನ ಕಾಲ ಮುರದಾಗ ಇವರವ್ವ ಬಂದು ದಿನಾ ಎಣ್ಣಿ ಹಚ್ಚ್ಯಾಳ. ಸಂಜಿಗೆ ಕಲ್ಮೇಶ ಬರಲಿ, ಅವನ ಕಿವ್ಯಾಗ ಅಷ್ಟ ಹಾಕೋಣಂತ ಸುಮ್ಮನಿದ್ನಿ."

ಫಾರೂಕ್ ಕೌದಿಯನ್ನು ಮಡಚತೊಡಗಿದ. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದ.

ಹಿನಾ ಅಡಿಗೆಮನೆಗೆ ಹೋಗಿ ಪಣತಿ ತಂದಳು. ಎಲ್ಲರೂ ಅವಳ ಹಿಂದೆ ಹಿತ್ತಲ ಕೋಣೆಗೆ ಬಂದರು. ಮುಚ್ಚಳ ತೆಗೆದು ಅಷ್ಟು ಹೊತ್ತಾಗಿತ್ತು. ಆದರೂ ದಾರದ ತುದಿಯಲ್ಲಿ ಇಳಿದ ದೀಪ ಕ್ಯಾನುಗಳ ನಡುಮಟ್ಟ ಮುಟ್ಟುತ್ತಲೇ ಸಣ್ಣದಾಗಿ, ನೀಲಿಯಾಗಿ, ಇಲ್ಲವಾಯಿತು. ಹೊಗೆ ಕೂಡ ಮೇಲೆ ಬರದೆ ಅಲ್ಲೇ ಪದರವಾಗಿ ನಿಂತಿತು.

"ಫ್ರೀಜಿನ ಗ್ಯಾಸ್ ಅಲ್ಲ ಆಯಿ" ಎಂದಳು ಹಿನಾ. ಅವಳ ದನಿ ಒಡೆದಿತ್ತು. "ಫಾರೂಕಂದು ಏನೂ ತಪ್ಪಿಲ್ಲ. ಇದು ಕಬ್ಬಿನ ಹಾಲಿಂದ. ಈಸ್ಟ್ ಸಕ್ಕರಿ ತಿಂದು ಬಿಡೂ ಗಾಳಿ, ಸೋಡಾದಾಗಿನದ. ಉಸರಿನ ಗಾಳಿಗಿಂತ ಭಾರ. ಬಯಲಾಗಿದ್ರ ಹರದು ಹೋಗತಿತ್ತು. ನಾವು ಪೆಟಿಗಿಯೊಳಗ ಇಟ್ಟು, ರಬ್ಬರ್ ಹಚ್ಚಿ ಗಟ್ಟಿ ಮುಚ್ಚಿದ್ವಿ. ಹಗೇವಿನಾಗ ಆಗೂದೂ ಇದ." ಅವಳು ಮೊದಲ ಸಲ ಗಂಗಾಳ ಕಡೆ ತಿರುಗಿದಳು. "ಗಾಳಿ ಬರತೈತಿ ಅಂತ ನನಗ ಗೊತ್ತಿತ್ತವಾ. ನೀ ತೆಲಿ ಒಳಗ ಹಾಕ್ತಿ ಅಂತ ಗೊತ್ತಿರಲಿಲ್ಲ. ನಾಕ ಉಸರ ತಗೊಂಡಿದ್ರ ಮುಗೀತಿತ್ತು. ಒಳಗ ಬಿದ್ದಿರತಿದ್ದಿ."

ಗಂಗಾ ಫ್ರೀಜರನ್ನು ನೋಡಿದಳು. ಪಕ್ಕದಲ್ಲಿದ್ದ ಮಣೆಯನ್ನು ನೋಡಿದಳು. ನಿನ್ನೆ ಅರ್ಧ ಬಿಟ್ಟ ಕೆಲಸವನ್ನು ಇವತ್ತು ಪೂರ್ತಿ ಒರೆಸಿಯೇ ಏಳಬೇಕೆಂದು ಬೆಳಿಗ್ಗೆ ಬಂದಿದ್ದಳು. ಆ ಹೊತ್ತಿಗೆ ಗುರುಬಸವ್ವ ಸಾಮಾನ್ಯವಾಗಿ ಮಠಕ್ಕೆ ಹೋಗಿರುತ್ತಾಳೆ, ನಿನ್ನೆ ಮನೆಯಲ್ಲಿದ್ದದ್ದೇ ಪುಣ್ಯ. ಕಲ್ಮೇಶ ಊರಲ್ಲಿರಲಿಲ್ಲ. ಕೂಗಿದರೂ ಕೇಳುವವರಿರಲಿಲ್ಲ, ಕೂಗಲು ಉಸಿರೂ ಇರುತ್ತಿರಲಿಲ್ಲ. ತನ್ನ ಜೀವ ಉಳಿದದ್ದು ಈ ಮುಚ್ಚಳ ಕಾಣೆಯಾದದ್ದಕ್ಕೆ. ಅದಕ್ಕಾಗಿ ತಾನು ಬೆಳಿಗ್ಗೆಯಿಂದ ಯಾರ್‍ಯಾರಿಗೆ ಶಾಪ ಹಾಕಿದ್ದಳು!

"ಹಿನಾ, ನಾ ಅಂದದ್ದು..."

"ಆಮ್ಯಾಲೆ ಮಾತಾಡೋಣು. ಮೊದಲ ಹಾಲು ಉಳಸೋಣು" ಎಂದು ಹಿನಾ ಅವಳ ಕೈ ಹಿಡಿದು ಹಿಂಡಿದಳು. ಹಿಡಿದ ಕೈಯನ್ನು ಬಿಡಲೂ ಇಲ್ಲ.

ಮುಂದಿನದು ಕೆಲಸದ ಮಾತು. ಫಾರೂಕ್ ಮುಚ್ಚಳದಡಿ ಕಟ್ಟಿಗೆಯ ಚೌಕಟ್ಟು ಕೂರಿಸಿ ತೂತು ಕೊರೆದ. ನಾಲ್ಕೂ ನಳಿಗೆಗಳನ್ನು ಅದರೊಳಗಿಂದ ಹೊರಗೆಳೆದು, ಕಿಟಕಿಯಾಚೆಗೆ ನೀರಿನ ಬಾಟಲಿಯಲ್ಲಿ ಮುಳುಗಿಸಿದ. ನೊರೆ ಒರೆಸಲು ಉದ್ದ ಕೋಲಿಗೆ ಬಟ್ಟೆ ಕಟ್ಟಿದ್ದು ಅಜಿತ. ಕಟ್ಟುತ್ತಾ, ಇನ್ನು ಮೇಲೆ ಯಾರಾದರೂ ಶೆರೆ ಎಂದರೆ ತಾನೇ ಉತ್ತರ ಕೊಡುವೆನೆಂದ. ಪ್ಲಗ್ ಹಾಕಿದಾಗ ಡಬ್ಬಿ ಇಪ್ಪತ್ತೇಳು ತೋರಿಸಿತು. ಹಿನಾ ಮೂಸಿ ನೋಡಿ, ಇನ್ನೂ ಕೆಟ್ಟಿಲ್ಲ ಎಂದಳು. ಸಂಘಮಿತ್ರಾ ಸ್ಕೂಟರ್ ಹತ್ತುವಾಗ, ಇಂಥ ಕಳ್ಳತನಕ್ಕೆ ಕ್ಲೇಮ್ ಬರೆಯುವ ಫಾರ್ಮು ತನ್ನ ಕಂಪನಿಯಲ್ಲಿಲ್ಲ ಎಂದು ನಗಿಸಿ ಹೋದಳು.

ಸಂಜೆ ಗಂಗಾ ಕಟ್ಟೆಯ ಮೇಲೆ ಅತ್ತೆಯ ಪಕ್ಕದಲ್ಲಿ ಕುಳಿತಳು. ಮೊರದ ಬಳ್ಳೊಳ್ಳಿ ಸುಲಿಯುತ್ತಾ ಕೇಳಿದಳು.

"ಅತ್ತಿ, ನಿಮ್ಮ ತವರಮನಿ ಹಗೇವಿನಾಗ ಯಾರ ಇಳದಿದ್ರು?"

ಗುರುಬಸವ್ವ ಅವಳ ಕಡೆ ನೋಡಲಿಲ್ಲ.

"ನಮ್ಮಣ್ಣ. ಸಂಗಪ್ಪ. ಹೊರಗ ಗಾಡಿ ಕಾಯಾಕ ಹತ್ತಿತ್ತು. ದೀಪಾ ತರತೇನಿ ತಡಿ ಅಂತ ನಮ್ಮವ್ವ ಒಳಗ ಹೋದ್ಲು. ಬರೂದರಾಗ ಇಳದಬಿಟ್ಟ. ಅವಂಗೂ ನಿನ್ನಂಗ ಎಲ್ಲಾದಕ್ಕೂ ಅವಸರ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವನ್ನ ಉಳಿಸ್ಕೊಳ್ಳಾಕ ಆಗಲಿಲ್ಲ ನಮಗ."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕುಳಿತರೂ ಆ ಹೆಸರನ್ನು ಗಂಗಾ ಕೇಳಿರಲಿಲ್ಲ. "ನಿಮ್ಮ ಉಪಕಾರಾ ನಾ ಹೆಂಗ..." ಎಂದು ಅವಳು ಕಾಲಿಗೆ ಕೈ ಚಾಚಿದಳು.

ಗುರುಬಸವ್ವ ಆ ಕೈಯನ್ನು ಅರ್ಧದಲ್ಲೇ ಹಿಡಿದಳು. ಹಿಡಿದ ಮುದಿ ಬೆರಳುಗಳು ಗಟ್ಟಿಯಾಗಿದ್ದವು.

"ನೀ ಕಣ್ಣ ಮುಂದ ಅದಿ. ನನಗ ಅಷ್ಟ ಸಾಕು" ಎಂದಳು. "ಏಳು, ಆ ಹುಡಿಗಿ ರೋಜಾ ಬಿಡೂ ಹೊತ್ತಾತು. ಮುಂಜಾನಿಂದ ಹನಿ ನೀರ ಕುಡಿದಿಲ್ಲ, ನಿನ್ನ ಬೈಗಳಾ ತಿಂದು ಬಿಸಲಾಗ ಓಡಿ ಬಂದಾಳ. ಎರಡ ಮಿರ್ಚಿ ಕರಿ. ನೀನ ಕೈಯಾರೆ ಬಡಸು."